ಗರಗಸ ತಿಂದಷ್ಟು

ಅಮ್ಮನ ಕೆಲಸ ಕಲ್ಲು ಕೊಯ್ಯುವುದು. ಅಂತಿಂಥ ಕಲ್ಲಲ್ಲ, ಯಾವುದೋ ಕಾಲದಲ್ಲಿ ಕಡಲಲ್ಲಿ ಈಜಿ, ಕೆಸರಿನಲ್ಲಿ ಹೂತು ಕಲ್ಲಾಗಿಹೋದ ಸುರುಳಿ ಚಿಪ್ಪುಗಳು. ಹೊರಗಿನಿಂದ ಬೂದು ಹೆಂಟೆ. ನಡುವೆ ಸೀಳಿದರೆ ಜೇನುಬಣ್ಣದ ಪುಟ್ಟ ಪುಟ್ಟ ಕೋಣೆಗಳು. ಎರಡು ಹೋಳಿಗೂ ಕೊಕ್ಕೆ ಹಾಕಿದರೆ ಒಂದು ಜೊತೆ ಓಲೆ. ಕೊಳ್ಳಲು ಬಂದವರು ಅದನ್ನು ಕಿವಿಗೆ ಹಿಡಿದು ಕನ್ನಡಿಯ ಮುಂದೆ ನಿಂತರೆ ಮೈಮರೆಯುತ್ತಿದ್ದರು.

ಊರಿಗೆಲ್ಲ ಓಲೆ ಮಾಡುವವಳ ಮಗಳ ಕಿವಿ ಮಾತ್ರ ಬರಿದು. ಮಗಳು ಹೊಸ ಕೆಲಸಕ್ಕೆ ಸೇರುವ ಹಿಂದಿನ ದಿನ, ಬಟ್ಟೆ ನೆನೆಹಾಕುವಾಗ ಅವಳ ಕೋಟಿನ ಜೇಬಿನಲ್ಲಿ ಅಮ್ಮನಿಗೆ ಒಂದು ಕಲ್ಲು ಸಿಕ್ಕಿತು. ಚಿಕ್ಕವಳಿದ್ದಾಗ ಮಗಳು ಕಡಲಂಚಿನಲ್ಲಿ ಹೆಕ್ಕಿ, ಅಂದಿನಿಂದ ಜೊತೆಗೇ ಇಟ್ಟುಕೊಂಡಿದ್ದ ಸುರುಳಿ. ಇಷ್ಟು ಇಷ್ಟಪಡುವ ಕಲ್ಲು ಜೇಬಿನಲ್ಲೇಕೆ, ಕಿವಿಯಲ್ಲೇ ಇರಲಿ ಅನ್ನಿಸಿತು ಅಮ್ಮನಿಗೆ.

ಅದನ್ನು ಸೀಳಿ ತಂದಾಗ, ಕಾರ್ಖಾನೆಯಲ್ಲಿ ಕೊಕ್ಕೆ ಕೂರಿಸುವ ಅಕ್ಕ ಕೇಳಿದಳು: “ಅವಳನ್ನ ಒಂದು ಮಾತು ಕೇಳಿದ್ಯಾ?”

“ಕೇಳಿ ಕೊಟ್ರೆ ಅದೆಂಥ ಉಡುಗೊರೆ? ನೀನು ನಿನ್ನ ಕೊಕ್ಕೆ ನೋಡ್ಕೋ.”

ಸಂಜೆ ಮಗಳು ಡಬ್ಬಿ ತೆರೆದಳು. “ಅಯ್ಯೋ, ಎಷ್ಟು ಚೆನ್ನಾಗಿದೆ! ಯಾವ ಕಲ್ಲಮ್ಮ?”

“ನಿಂದೇ ಕಣೇ! ಒಳಗೆ ಇಂಥ ಚೆಲುವೆ ಕೂತಿದ್ರೆ, ನೀನು ಹೆಂಟೆ ಹೊತ್ಕೊಂಡು ಓಡಾಡ್ತಿದ್ದೆ.”

ಮಗಳ ನಗು ನಿಂತಿತು. ಎರಡೂ ಹೋಳುಗಳನ್ನು ಮುಖಕ್ಕೆ ಮುಖ ಸೇರಿಸಿ ಒತ್ತಿದಳು. ಅಂಚು ಅಂಚಿಗೆ ಕೂರಲಿಲ್ಲ.

“ಮುಚ್ತಾನೇ ಇಲ್ಲ.”

“ಗರಗಸ ಒಂಚೂರು ತಿಂದಿರುತ್ತೆ ಪುಟ್ಟಿ. ಪಾಲಿಶಿಗೆ ಇನ್ನೊಂಚೂರು.”

“ಅಂಟಿಸಿದ್ರೆ?”

“ಅಂಟುತ್ತೆ.” ಅಮ್ಮ ತಡವರಿಸಿದಳು. “ಮೊದಲಿನ ಹಾಗೆ ಆಗಲ್ಲ.”

“ಭಯ ಆದಾಗೆಲ್ಲ ಮುಷ್ಟೀಲಿ ಹಿಡ್ಕೋತಿದ್ದೆ. ಒಳಗೆ ಏನಿದೆ ಅಂತ ನೋಡ್ಬೇಕು ಅನ್ನಿಸ್ಲೇ ಇಲ್ಲಮ್ಮ.”

ಅವಳು ಕೂಗಾಡಿದ್ದರೆ ಅಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಇಷ್ಟು ವರ್ಷ ಕಲ್ಲು ಸೀಳಿ ಸೀಳಿ, ಒಳಗಿರುವುದೇ ಚೆಂದ ಎಂದು ಕಣ್ಣಿಗೆ ರೂಢಿಯಾಗಿಬಿಟ್ಟಿತ್ತು. ಮಗಳ ಬೆರಳುಗಳು ಸವರಿ ಸವರಿ ನುಣುಪಾಗಿಸಿದ ಹೊರಮೈಯನ್ನು ಅಮ್ಮ ನೋಡಿಯೇ ಇರಲಿಲ್ಲ.

ಬೆಳಿಗ್ಗೆ ಮಗಳು ಓಲೆ ಹಾಕಿಕೊಂಡೇ ಹೊರಟಳು. ಬಿಸಿಲಿಗೆ ಅವು ಮಿಂಚಿದವು. ದಾರಿಹೋಕರೊಬ್ಬರು ತಿರುಗಿ ನೋಡಿದರು. ಬಾಗಿಲಲ್ಲಿ ನಿಂತ ಅಮ್ಮನ ಕಣ್ಣು ಮಾತ್ರ ಅವಳ ಕೋಟಿನ ಜೇಬಿನ ಮೇಲಿತ್ತು. ಒಳಗಿದ್ದ ಕೈ ಮುಷ್ಟಿ ಕಟ್ಟುತ್ತಿತ್ತು, ಬಿಡುತ್ತಿತ್ತು.

“ಖುಷಿಪಟ್ಲಾ?” ಕಾರ್ಖಾನೆಯಲ್ಲಿ ಅಕ್ಕ ಕೇಳಿದಳು.

“ಹಾಕ್ಕೊಂಡು ಹೋದ್ಳು.”

ಗರಗಸದ ಕೆಳಗಿನ ತಟ್ಟೆಯ ಕೆಸರನ್ನು ಚೆಲ್ಲಲು ಎತ್ತಿಕೊಂಡ ಅಮ್ಮ ಹಾಗೇ ನಿಂತಳು. ನಿನ್ನೆ ಕೊಯ್ದ ಎಲ್ಲ ಕಲ್ಲುಗಳ ಪುಡಿಯ ಜೊತೆ ಮಗಳ ಕಲ್ಲಿನದೂ ಅದರಲ್ಲಿ ಬೆರೆತುಹೋಗಿತ್ತು.