ಕಾಗೆ ಬಾರದ ಮನೆ

ಹೆಸರಿಲ್ಲದ ಊರೊಂದರಲ್ಲಿ ಒಂದು ಕಾಗೆ ಇತ್ತು. ತಿಂಗಳಿಗೊಮ್ಮೆ ಅದು ಮಂಜಿನಂತೆ ಸದ್ದಿಲ್ಲದೆ ಇಳಿದು, ಹರೆಯದ ಹೆಣ್ಣುಮಕ್ಕಳನ್ನು ರೆಕ್ಕೆಯ ತುದಿಯಿಂದ ಮುಟ್ಟಿ ಹೋಗುತ್ತಿತ್ತು. ಮುಟ್ಟಿಸಿಕೊಂಡವಳು ಮೂರು ದಿನ ಮನೆಯ ಹೊರಗಿನ ಕಲ್ಲಿನ ಮೇಲೆ ಕೂರಬೇಕು. ಕಾಗೆ ಬಂದ ಮನೆಯಲ್ಲೇ ಮುಂದೆ ತೊಟ್ಟಿಲು ತೂಗುವುದೆಂದು ಎಲ್ಲರೂ ಬಲ್ಲರು. ಆದರೂ ಅದರ ಹೆಸರೆತ್ತುವುದು ಆ ಊರಿನಲ್ಲಿ ನಿಷಿದ್ಧ. ಕಂಡರೆ ಕಲ್ಲೆಸೆಯುವುದು ವಾಡಿಕೆ.

ವನಜೆಗೆ ಹತ್ತೊಂಬತ್ತು ತುಂಬಿದ ವರ್ಷ ಅವಳ ಕೊರಳ ಬುಡದಲ್ಲಿ ಏಡಿಯೊಂದು ಬಿಲ ತೋಡಿತು. ತಾಯಿಯಿಲ್ಲದ ಅವಳನ್ನು ಸಾಕಿದ ಸೋದರತ್ತೆ ಗೋದಾವರಿ, ಗುಡ್ಡದ ಮೇಲಿನ ವೈದ್ಯನಲ್ಲಿಗೆ ಕರೆದೊಯ್ದಳು. ಏಡಿಯನ್ನು ಓಡಿಸುವ ಬೆಂಕಿನೀರು ಅವನಲ್ಲಿತ್ತು.

"ಈ ಹುಡುಗಿಯಲ್ಲಿಗೆ ಕಾಗೆ ಬರುತ್ತದೆಯೇ?" ಎಂದು ವೈದ್ಯ ಕೇಳಿದ.

ಅತ್ತೆ ಸೆರಗನ್ನು ಬಿಗಿದುಕೊಂಡಳು. "ನಮ್ಮದು ಮರ್ಯಾದಸ್ಥರ ಮನೆ, ಸ್ವಾಮಿ. ಅಂಥದ್ದೇನೂ ಬರುವುದಿಲ್ಲ."

ವನಜೆ ಬಾಯಿ ತೆರೆದಳು. ಅತ್ತೆ ಅವಳ ತೋಳು ಚಿವುಟಿದಳು. ವೈದ್ಯ ಹೇಳಿದ್ದನ್ನು ಹೇಳಿದಂತೆಯೇ ನಂಬುವವನು; ಹಾಗೆಯೇ ಬರೆದುಕೊಂಡ.

ಬೆಂಕಿನೀರು ಆರು ತಿಂಗಳು ಅವಳ ಮೈಯಲ್ಲಿ ಹರಿಯಿತು. ಕೂದಲು ಹಣ್ಣೆಲೆಗಳಂತೆ ದಿಂಬಿನ ಮೇಲೆ ಉದುರಿತು. ಏಡಿ ಬಿಲ ಬಿಟ್ಟು ಹೋಯಿತು. ಕಾಗೆಯೂ ಬರಲಿಲ್ಲ. ಕನಸಿನಲ್ಲಿ ಅದು ದೂರದ ಸುಟ್ಟ ಮರವೊಂದನ್ನು ಸುತ್ತುತ್ತಿತ್ತು, ಕೂರಲು ಕೊಂಬೆ ಸಿಗದೆ.

ವನಜೆ ಒಬ್ಬಳೇ ಗುಡ್ಡ ಹತ್ತಿದಳು. ವೈದ್ಯ ಹಾಳೆ ತಿರುವಿ, ತಾನು ಬರೆದುಕೊಂಡಿದ್ದನ್ನು ಮತ್ತೊಮ್ಮೆ ಓದಿದ. "ಬೆಂಕಿಗೆ ಬಿಲ ಯಾವುದು, ಗೂಡು ಯಾವುದು ತಿಳಿಯದಮ್ಮ. ಕಾಗೆ ಬರುತ್ತದೆ ಎಂದಿದ್ದರೆ ನಿನ್ನೊಳಗಿನ ಗೂಡಿನ ಮೊಟ್ಟೆಗಳನ್ನು ಮೊದಲೇ ತೆಗೆದು ಹಿಮದ ಪೆಟ್ಟಿಗೆಯಲ್ಲಿ ಕಾಪಾಡಿಡುತ್ತಿದ್ದೆ."

"ಇನ್ನು ಬಾರದೇ?"

"ಬರಬಹುದು. ಬಾರದಿರಲೂಬಹುದು."

ಅವಳು ಬಂದು ಹೇಳಿದಾಗ ಅತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಿಂದಿರುಗಿಸಿ ಎದ್ದಳು. ಊರಿಗೆ ಮಾತ್ರ ಸಂತೋಷವಾಗಿತ್ತು. "ತಿಂಗಳ ಮೂವತ್ತು ದಿನವೂ ಮಡಿಯಾಗಿರುವವಳು ಇವಳೊಬ್ಬಳೇ," ಎಂದು ಹಿರಿಯರು ಉಳಿದ ಹುಡುಗಿಯರ ಸರದಿ ನಿಲ್ಲಿಸಿ, ಗುಡಿಯ ದೀಪವನ್ನು ವನಜೆಗೆ ಒಪ್ಪಿಸಿದರು. ಸಂಜೆ ಗುಡಿಗೆ ಹೋಗುವಾಗಲೆಲ್ಲ ಅವಳು ಹೊರಗಿನ ಖಾಲಿ ಕಲ್ಲನ್ನು ತಿರುಗಿ ನೋಡುತ್ತಿದ್ದಳು.

ಮುಂದೊಂದು ದಿನ ಅವಳು ಕೊರಳು ತೋರಿಸಲು ಹೋದಾಗ, ವೈದ್ಯನ ಮುಂದೆ ಅದೇ ಊರಿನ ತಾಯಿಯೊಬ್ಬಳು ಮಗಳೊಂದಿಗೆ ಕುಳಿತಿದ್ದಳು. ಮಗಳಿಗೂ ಏಡಿ. ವೈದ್ಯ ಕಾಗೆಯ ಮಾತು ಕೇಳಿದ.

"ಅಯ್ಯೋ, ಅದೆಲ್ಲ ನಮ್ಮಲ್ಲಿಲ್ಲ, ಸ್ವಾಮಿ."

"ಬರುತ್ತದೆ," ಎಂದಳು ವನಜೆ ಬಾಗಿಲಿನಿಂದ. "ಹೋದ ತಿಂಗಳು ಇವಳು ಕಲ್ಲಿನ ಮೇಲೆ ಕೂತಿದ್ದನ್ನು ಊರೆಲ್ಲ ಕಂಡಿದೆ. ಕಾಗೆ ಬರುತ್ತದೆ, ಬರೆದುಕೊಳ್ಳಿ."

ಹುಡುಗಿ ತಲೆಯೆತ್ತಿ, ಮೆಲ್ಲಗೆ, ಹೌದೆಂದಳು.

ವನಜೆ ಗುಡ್ಡ ಇಳಿಯುವುದರೊಳಗೆ ಸುದ್ದಿ ಇಳಿದಿತ್ತು. ಗುಡಿಯ ಬಾಗಿಲಲ್ಲಿ ಹಿರಿಯರು ಅವಳ ಕೈಯಿಂದ ದೀಪದ ಬತ್ತಿಗಳನ್ನು ಕಸಿದುಕೊಂಡರು. "ನೀನು ಹೊರಗೆ ಕೂರು," ಎಂದರು. ಏಕೆಂದು ಮಕ್ಕಳು ಕೇಳಿದವು. ಅಪರಾಧವನ್ನು ಹೇಳಬೇಕಾದರೆ ಆ ಹೆಸರೆತ್ತಬೇಕಿತ್ತು. ಆದ್ದರಿಂದ ಯಾರೂ ಹೇಳಲಿಲ್ಲ.

ವನಜೆ ಹೋಗಿ ಮನೆಯ ಹೊರಗಿನ ಕಲ್ಲಿನ ಮೇಲೆ ಕುಳಿತಳು. ಅದು ಹಗಲಿನ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಅತ್ತೆ ಬಾಳೆಯೆಲೆಯ ತುಂಡಿನಲ್ಲಿ ಅನ್ನದ ಉಂಡೆ ತಂದು ಗೋಡೆಯ ಮೇಲಿಟ್ಟಳು. ಆ ಊರಿನಲ್ಲಿ ಸತ್ತವರಿಗಾಗಿಯಷ್ಟೇ ಹಾಗೆ ಇಡುವ ಪದ್ಧತಿ. ಆಮೇಲೆ ಆಕಾಶಕ್ಕೆ ಮುಖವೆತ್ತಿ, ಬದುಕಿನಲ್ಲಿ ಮೊದಲ ಬಾರಿಗೆ, ಗಟ್ಟಿಯಾಗಿ ಕರೆದಳು: "ಕಾ... ಕಾ..."

"ಅತ್ತೆ, ಊರಿಗೆ ಕೇಳಿಸುತ್ತದೆ."

"ಕೇಳಿಸಲಿ. ಸ್ವಲ್ಪ ಸರಿದು ಕೂರು."

ವನಜೆ ಸರಿದಳು. ಅವಳೊಬ್ಬಳೇ ಮಡಿಯೆಂದು ಸಾರಿದ್ದ ಹಿರಿಯರಿಗೆ ಅಂದು ಗುಡಿಯಲ್ಲಿ ದೀಪ ಹಚ್ಚಲು ಬೇರೆ ಮಡಿಯವರು ಯಾರೂ ಸಿಗಲಿಲ್ಲ. ಹೊರಗಿನ ಕಲ್ಲಿನ ಮೇಲೆ ಇಬ್ಬರು ಹೆಂಗಸರು ಕತ್ತಲಾಗುವವರೆಗೂ ಆಕಾಶ ನೋಡುತ್ತಿದ್ದರು.