ನೈವೇದ್ಯಕ್ಕೆ ಮುಂಚೆ ಮಂಗಳಾರತಿ

ಹತ್ತೊಂಬತ್ತು ವರ್ಷ ಸೊಸೆ ದೇವರ ಪೂಜೆ ಕಲಿತದ್ದು ಭಕ್ತಿಗಿಂತ ಹೆಚ್ಚಾಗಿ ಅತ್ತೆಯ ಬಾಯಿಗೆ ಹೆದರಿ. ಹೂವಿನ ತೊಟ್ಟು ಮೇಲಾದರೆ ಬೈಗುಳ, ಬತ್ತಿ ಉದ್ದವಾದರೆ ಬೈಗುಳ. ಒಂದು ದಿನ ಬೈಸಿಕೊಂಡು ಸಾಕಾಗಿ, ದೀಪದ ಮುಂದೆ ಕೈಮುಗಿದು ಕೇಳಿಯೇಬಿಟ್ಟಳು: "ಇವರ ಬಾಯಿ ಒಂದಿಷ್ಟು ಮುಚ್ಚಿಸಪ್ಪಾ."

ಮೂರನೇ ದಿನ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ತಿಂಗಳಲ್ಲಿ ಸುಧಾರಿಸಿದವು, ಮಾತು ಮಾತ್ರ ಹೋದದ್ದು ಹೋಯಿತು.

ಸಾವಿರಾರು ಜನರ ಬೇಡಿಕೆ ಬಿಟ್ಟು ದೇವರು ಇದನ್ನೇ ಹಿಡಿದುಕೊಂಡನೇ ಎಂದು ಯಾರಾದರೂ ಅವಳಿಗೆ ಬುದ್ಧಿ ಹೇಳಬಹುದಿತ್ತು. ಆದರೆ ಅವಳು ಗಂಡನ ಮುಂದೆಯೂ ಬಾಯಿ ಬಿಡದೆ ಸಂಕಟವನ್ನು ಒಳಗೇ ನುಂಗಿಕೊಂಡಳು. ತಾನು ಕಟ್ಟಿದ ನಾಲಿಗೆಯನ್ನು ಬಿಚ್ಚಿಸಲು ತೋಚಿದ ದಾರಿ ಒಂದೇ, ಲೋಪವಿಲ್ಲದ ಪೂಜೆ. ಅವಳು ಕನ್ನಡಕದಂಗಡಿಯಲ್ಲಿ ಗಾಜು ತೇದು ಫ್ರೇಮಿಗೆ ಕೂರಿಸುವವಳು. ಕೂದಲೆಳೆಯಷ್ಟು ವ್ಯತ್ಯಾಸವೂ ಕಣ್ಣಿಗೆ ಬೀಳುತ್ತಿತ್ತು. ಅದೇ ಕಣ್ಣಿಟ್ಟು ಐದು ತಿಂಗಳು ಪೂಜೆ ನಡೆಸಿದಳು. ಅತ್ತೆ ದೇವರಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ತುಟಿ ಪಿಟಕ್ಕೆನ್ನದೆ ನೋಡುತ್ತಿದ್ದರು. ಮಾತು ಕಲಿಸಲು ಬರುವ ಡಾಕ್ಟರಮ್ಮ ಬಾಚಣಿಗೆಯ ಚಿತ್ರ ತೋರಿಸಿ ಹೆಸರು ಕೇಳಿದರೆ ಅತ್ತೆ ಮುಖ ತಿರುಗಿಸಿಬಿಡುವರು.

ಆ ಬೆಳಿಗ್ಗೆ ಅಂಗಡಿಯ ಯಜಮಾನರು ಬೇಗ ಬರಲು ಹೇಳಿದ್ದರು. ಅವಸರದಲ್ಲಿ ಸೊಸೆ ಕರ್ಪೂರ ಹಚ್ಚಿ, ಗಂಟೆ ಬಾರಿಸಿ, ಆರತಿ ಎತ್ತಿಯೇಬಿಟ್ಟಳು. ದೇವರಿಗೆ ಮೊದಲು ಇಡಬೇಕಾದ ಹಾಲಿನ ಬಟ್ಟಲು ಇನ್ನೂ ಅಡುಗೆಮನೆಯಲ್ಲೇ ಕೂತಿತ್ತು.

ಹಿಂದೆ ಕುರ್ಚಿ ಕಿರುಗುಟ್ಟಿತು.

"ನೈ... ನೈವೇದ್ಯ!"

ಗಡ್ಡ ಅರ್ಧ ಹೆರೆದಿದ್ದ ಗಂಡ ಬಚ್ಚಲಿಂದ ಓಡಿಬಂದ. "ಯಾರೇ ಮಾತಾಡಿದ್ದು?"

"ನೈವೇದ್ಯ ಎಲ್ಲೇ?" ಅತ್ತೆ ಸೊಸೆಯ ಕಡೆ ಬೆರಳು ಚಾಚಿದರು. "ದೇವ್ರು... ಉಪವಾಸ!"

ಐದು ತಿಂಗಳ ಅಚ್ಚುಕಟ್ಟಿನಿಂದ ಆಗದ್ದು ಒಂದು ಎಡವಟ್ಟಿನಿಂದ ಆಗಿತ್ತು! ನೋಡಿಯೇಬಿಡೋಣವೆಂದು ಸೊಸೆ ಆರತಿಯನ್ನು ಬೇಕೆಂದೇ ಎಡಗೈಗೆ ಬದಲಿಸಿಕೊಂಡಳು.

"ಎಡಗೈಲಾ? ಅಯ್ಯೋ... ಬುದ್ಧಿ ಇಲ್ವಾ ನಿಂಗೆ?"

ಗಂಡ ನೊರೆಮುಖದಲ್ಲೇ ಅಳತೊಡಗಿದ. "ಅಮ್ಮಾ, ಇನ್ನೊಂದ್ಸಲ ಬೈಯಮ್ಮಾ."

"ನೀನು... ಸ್ನಾನ ಮಾಡ್ದೆ... ಒಳಗೆ ಬಂದ್ಯಾ?"

ಅವನು ನಗುತ್ತ ಅಳುತ್ತ ಹೊಸ್ತಿಲಾಚೆ ಹಾರಿದ. ಸೊಸೆ ಆರತಿ ಕೆಳಗಿಟ್ಟು ಅತ್ತೆಯ ಕಾಲ ಬಳಿ ಕುಸಿದಳು. ಐದು ತಿಂಗಳು ಎದೆಯಲ್ಲಿ ಕೂತಿದ್ದದ್ದು ತಡೆಯಲಾರದೆ ಹೊರಬಂತು. "ಅತ್ತೆ, ನಿಮ್ಮ ಬಾಯಿ ಮುಚ್ಚಿಸು ಅಂತ ನಾನೇ ದೇವ್ರನ್ನ ಕೇಳ್ಕೊಂಡಿದ್ದೆ. ಎಲ್ಲಾ ನನ್ನಿಂದ್ಲೇ ಆಗಿದ್ದು."

ಅತ್ತೆ ಅವಳನ್ನೇ ದಿಟ್ಟಿಸಿದರು. ಪದಗಳನ್ನು ಒಂದೊಂದಾಗಿ ಹುಡುಕಿ ತೆಗೆದರು.

"ಐವತ್ತು ವರ್ಷ... ನನ್ನ ಮಾತೇ ಕೇಳ್ಲಿಲ್ಲ ಅವ್ನು. ನಿನ್ನ ಮಾತು ಕೇಳ್ತಾನಾ?" ಸೊಸೆಯ ತಲೆಯ ಮೇಲೆ ಕೈಯಿಟ್ಟು ಒಮ್ಮೆ ಮೆಲ್ಲಗೆ ಕುಟ್ಟಿದರು. "ಏಳು, ಹಾಲು ತಗೊಂಡ್ ಬಾ."