ಬಾಲ ಬಿಟ್ಟ ಗಂಟು

ಟೈಲರಮ್ಮನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ. ಕೆರೆಯಿಂದ ಬಂದ ಗಂಡ ಸ್ನಾನಕ್ಕೆ ಹೋದ ಮೇಲೆ ಆಕೆ ಅವನ ಗಾಳದ ಕೋಲನ್ನು ಎತ್ತಿಡಲು ಹೋದಳು. ನೂಲಿನ ತುದಿಯಲ್ಲಿ ಕೊಕ್ಕೆ, ಕೊಕ್ಕೆಗೆ ಮೀನನ್ನು ಮರುಳು ಮಾಡಲು ಗರಿ ಸುತ್ತಿ ಮಾಡಿದ ಹುಸಿ ನೊಣ. ನೊಣವೇನೋ ಹಳೆಯದೇ, ಹೋದ ವರ್ಷ ಅವನೇ ಸುತ್ತಿದ್ದು. ಗಂಟು ಮಾತ್ರ ಅವನದಲ್ಲ.

ಹೊಲಿಗೆ ನೋಡಿ ಯಾರ ಕೈಯೆಂದು ಹೇಳುವವಳು ಆಕೆ. ಗಂಡ ಕ್ಷೌರಿಕ, ಗಂಟು ಹಾಕಿದರೆ ಮಿಕ್ಕ ನೂಲನ್ನು ಬುಡಕ್ಕೇ ಕತ್ತರಿಸುವವನು. ಇಲ್ಲಿ ಬೆರಳಗಲ ಬಾಲ ಬಿಟ್ಟಿತ್ತು.

“ಕೆರೆಗೆ ಯಾರ ಜೊತೆ ಹೋಗಿದ್ರಿ?” ಊಟ ಬಡಿಸುತ್ತಾ ಕೇಳಿದಳು.

“ಯಾರ ಜೊತೆ ಹೋಗ್ಲಿ? ಆ ಪುಟ್ಟ ಕಯಾಕ್ ದೋಣೀಲಿ ಜಾಗ ಇರೋದೇ ಒಬ್ಬರಿಗೆ.”

ಕೇಳಿದ್ದು ಕೆರೆಯ ಮಾತು, ಹೇಳಿದ್ದು ಕಯಾಕಿನ ಮಾತು. ಎಲಾ ಇವನ! ಆಕೆಯ ತಲೆಗೆ ಹುಳ ಹೊಕ್ಕಿತು. ಈಚೆಗೆ ಗುಂಡಿಯ ಅಂಗಿ ಬಿಟ್ಟು ಕಾಲೇಜು ಹುಡುಗನಂತೆ ಟೀ ಶರ್ಟು. ಲೋಟದ ತುಂಬ ಟೀ ಕೊಟ್ಟರೆ ಬೇಡ, ಅರ್ಧ ಸಾಕಂತೆ. ಕೆನ್ನೆಯಂತೂ ಮದುವೆಗಂಡಿನ ಹಾಗೆ ನುಣ್ಣಗೆ. ಈ ವಯಸ್ಸಿನಲ್ಲಿ ಯಾವಳಿಗಾಗಿ ಈ ಸಿಂಗಾರ?

ಮುಂದಿನ ರಜೆಗೆ ಅವನು ಹೊರಟ ಬೆನ್ನಿಗೇ ಆಕೆಯೂ ಹೊರಟಳು. ದೋಣಿ ಶೆಡ್ಡಿನ ಹಿಂದೆ ನಿಂತು ಇಣುಕಿದಳು. ಗಂಡ ದಡದಲ್ಲಿ ಕೂತು ಕೊಕ್ಕೆಯ ಕಣ್ಣಿಗೆ ನೂಲು ಪೋಣಿಸುತ್ತಿದ್ದ. ಕೈ ನಡುಗಿ ನೂಲು ಪಕ್ಕಕ್ಕೆ ಹೋಯಿತು. ಮತ್ತೆ ಹಿಡಿದ, ಮತ್ತೆ ಹೋಯಿತು. ಆಗ ಬೋಳುತಲೆಯವನೊಬ್ಬ ಬಂದು ಕೊಕ್ಕೆ ತೆಗೆದುಕೊಂಡ. ಎದುರಂಗಡಿಯ ಕ್ಷೌರಿಕ! ಅವನ ನೆರಳು ಕಂಡರೂ ಇವನಿಗೆ ಆಗುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಈಗ ನೋಡಿದರೆ ಅವನು ನೂಲನ್ನು ಎಂಜಲು ಮಾಡಿ ಇವನ ಗಂಟು ಬಿಗಿಯುತ್ತಿದ್ದಾನೆ.

“ಓಹೋ!” ಸೊಂಟಕ್ಕೆ ಕೈಯಿಟ್ಟು ಆಕೆ ಮುಂದೆ ಬಂದಳು.

ಎದುರಂಗಡಿಯವನು ತಬ್ಬಿಬ್ಬಾದ. “ಅತ್ತಿಗೆ, ಅದು...”

“ಯಾವಾಗಿಂದ ಅತ್ತಿಗೆ ಆದೆ ನಾನು?”

ಗಂಡ ಕೈಯನ್ನು ಕಂಕುಳಲ್ಲಿ ಅಡಗಿಸಿದ. “ಕೋಲು ಬೀಸೋವಾಗ ಏನೂ ಆಗಲ್ಲ ಕಣೇ. ಸಣ್ಣ ಕೆಲಸಕ್ಕೆ ಕೈ ಹಾಕಿದ್ರೆ ಸಾಕು, ಹೀಗೆ.”

“ಮತ್ತೆ ಅಂಗಡೀಲಿ? ಕತ್ತಿ ಹಿಡಿಯೋದು?”

“ಶೇವಿಂಗಿಗೆ ಬಂದವರನ್ನ ಇವನ ಹತ್ರ ಕಳಿಸ್ತೀನಿ. ಬ್ಲೇಡ್ ಮುಗಿದಿದೆ ಅಂತೀನಿ.”

ಇನ್ನೊಬ್ಬಳು ಇದ್ದಿದ್ದರೆ ಜುಟ್ಟು ಹಿಡಿದು ಎಳೆಯಬಹುದಿತ್ತು. ಇದಕ್ಕೇನು ಮಾಡುವುದು? ಆಕೆ ಗಂಡನತ್ತ ತಿರುಗಿದಳು. “ನನಗಿಂತ ಮೊದಲು ಇವರಿಗೆ ಹೇಳಿದ್ರಾ?”

“ನೀನು ಅಂಗಡಿ ಮುಚ್ಚು ಅಂತೀಯ. ಇವನು ಅನ್ನಲ್ಲ.”

ಯಾಕೆ ಅಂದಾನು, ಗಿರಾಕಿಗಳು ತಾವಾಗೇ ಮನೆ ಬಾಗಿಲಿಗೆ ಬರುವಾಗ? ಆಕೆ ಎದುರಂಗಡಿಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಕೈಯಿಂದ ಕೊಕ್ಕೆ ಕಿತ್ತುಕೊಂಡು, ಅವನ ಗಂಟು ಕತ್ತರಿಸಿ, ತಾನೇ ಹೊಸದು ಹಾಕಿ, ಬಾಲವನ್ನು ಹಲ್ಲಿನಿಂದ ಬುಡಕ್ಕೇ ಕಡಿದಳು.

“ಹೋಗಿ, ಮೀನು ಹಿಡೀರಿ. ನಾಳೆ ಡಾಕ್ಟರ್ ಹತ್ರ ಹೋಗೋಣ.”

ಗಂಡ ಕಯಾಕನ್ನು ನೀರಿಗಿಳಿಸಿದ. ದೂರದಲ್ಲಿ ಕೋಲು ಬೀಸಿದ. ನೂಲು ನೆಟ್ಟಗೆ ಹೋಗಿ ನೀರಿನ ಮೇಲೆ ಬಿತ್ತು. ಕೈ ಅಲ್ಲಾಡಲಿಲ್ಲ. ಅವನ ನುಣ್ಣನೆಯ ಕೆನ್ನೆಗೆ ಬಿಸಿಲು ಬಿದ್ದಿತ್ತು. ಆಕೆಗೆ ಆಗ ಹೊಳೆಯಿತು.

“ಅವರ ಶೇವಿಂಗೂ ನೀವೇ ಮಾಡೋದಾ?”

ಎದುರಂಗಡಿಯವನು ತಲೆ ತಗ್ಗಿಸಿದ. “ಅಂಗಡಿ ತೆಗೆಯೋಕೆ ಮುಂಚೆ ಹಿಂದಿನ ಬಾಗಿಲಿಂದ ಬರ್ತಾನೆ. ದುಡ್ಡು ತಗೊಳ್ಳಲ್ಲಮ್ಮಾ, ನನ್ನಾಣೆ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಂಗೆ ಕಲಿಸಿಕೊಡಿ,” ಎಂದಳು.